ಇವಿ ದೀಪದ ಹಿಂದೆ ಬಿದ್ದರೆ ಮೈಲೇಜ್ ಬರುವುದಿಲ್ಲ

ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಕಾರು ಕೊಂಡವರು ಹೆಮ್ಮೆಯಿಂದ ಹೇಳುವ ಒಂದು ಮಾತಿದೆ: ‘ಇವತ್ತು ಎಷ್ಟೋ ದೂರ ಎಂಜಿನ್ನೇ ಶುರುವಾಗಲಿಲ್ಲ, ಬರೀ ಬ್ಯಾಟರಿಯಲ್ಲೇ ಬಂದೆ.’ ಬರೀ ಬ್ಯಾಟರಿಯಲ್ಲಿ ಓಡುವಾಗ ಡ್ಯಾಶ್‌ಬೋರ್ಡಿನಲ್ಲಿ ಬೆಳಗುವ ಹಸಿರು ಇವಿ ದೀಪ ಆರದಂತೆ ಕಾಯುವುದೇ ಮೈಲೇಜಿನ ಗುಟ್ಟು ಎಂಬ ನಂಬಿಕೆ ಅನೇಕರಲ್ಲಿ ಬೇರೂರಿಬಿಟ್ಟಿದೆ. ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಪೆಟ್ರೋಲ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಅವರು ಪೆಟ್ರೋಲ್ ಪೋಲು ಮಾಡುತ್ತಿದ್ದಾರೆ.

ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್‌ಗಳ ಮಾತು ಬೇರೆ. ಪ್ಲಗ್ ಇಲ್ಲದ ಸಾಮಾನ್ಯ ಹೈಬ್ರಿಡ್‌ನ ಬ್ಯಾಟರಿಗೆ ಬರುವ ವಿದ್ಯುತ್ತಿಗೆ ಮೂಲ ಪೆಟ್ರೋಲ್ ಟ್ಯಾಂಕೇ. ಒಂದೋ ಎಂಜಿನ್ ಜನರೇಟರನ್ನು ತಿರುಗಿಸಿ ಅದನ್ನು ತುಂಬಿರಬೇಕು, ಇಲ್ಲವೇ ವೇಗ ಇಳಿಸುವಾಗ ಚಕ್ರಗಳಿಂದ ವಾಪಸು ಬಂದಿರಬೇಕು. ಆ ಚಕ್ರಗಳಿಗೆ ವೇಗ ಕೊಟ್ಟದ್ದೂ ಪೆಟ್ರೋಲೇ. ಎಂಜಿನ್‌ನಿಂದ ಜನರೇಟರಿಗೆ, ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ ಎಂದು ಕೈ ಬದಲಾದಾಗಲೆಲ್ಲ ಒಂದಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಬ್ಯಾಟರಿಯ ಗಾತ್ರವಾದರೂ ಎಷ್ಟು? ಮೂರನೆಯ ತಲೆಮಾರಿನ ಟೊಯೊಟಾ ಪ್ರಿಯಸ್ ಬ್ಯಾಟರಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, 1.3 ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದೆ. ಅದರಲ್ಲಿ ಮೂರನೆಯ ಒಂದು ಭಾಗವಷ್ಟೇ ಚಕ್ರಕ್ಕೆ ದಕ್ಕಿತು ಎಂದುಕೊಂಡರೂ, ಇಡೀ ಬ್ಯಾಟರಿಯ ಸರಕು ಅರ್ಧ ಲೀಟರ್ ಪೆಟ್ರೋಲಿಗೆ ಸಮನಾಗುವುದಿಲ್ಲ. ಅದನ್ನೂ ಕಾರು ಪೂರ್ತಿ ಬಳಸಲು ಬಿಡುವುದಿಲ್ಲ. ಬ್ಯಾಟರಿ ಬಾಳಿಕೆ ಬರಲೆಂದು ಬರಿದಾಗುವ ಮೊದಲೇ ಎಂಜಿನ್ ಎದ್ದು ಕೂರುತ್ತದೆ.

ಹಾಗಾಗಿ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದಂತೆ ಇಟ್ಟು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೂ ಕಾರನ್ನು ತೆವಳಿಸುವುದರಿಂದ ಲಾಭವಿಲ್ಲ. ಬ್ಯಾಟರಿ ಖಾಲಿಯಾದ ಮೇಲೆ ಎಂಜಿನ್ ಕಾರನ್ನೂ ಎಳೆಯಬೇಕು, ಬ್ಯಾಟರಿಯನ್ನೂ ತುಂಬಬೇಕು. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅಟ್ಕಿನ್ಸನ್ ಮಾದರಿಯ ಎಂಜಿನ್. ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಅದರಲ್ಲಿ ಗಾಳಿಯನ್ನು ಒತ್ತುವ ಹಂತಕ್ಕಿಂತ ಉರಿದ ಅನಿಲ ಹಿಗ್ಗುವ ಹಂತ ಉದ್ದ. ಉರಿದ ಇಂಧನದಿಂದ ಹೆಚ್ಚು ಕೆಲಸ ಹಿಂಡಿಕೊಳ್ಳುತ್ತದೆ. ಆದರೆ ತೀರಾ ಹಗುರವಾದ ಕೆಲಸದಲ್ಲಿ ಯಾವ ಪೆಟ್ರೋಲ್ ಎಂಜಿನ್ನೂ ದಕ್ಷವಲ್ಲ. ಮಧ್ಯಮ ಭಾರ ಬಿದ್ದಾಗಲೇ ಅದು ಲೀಟರಿಗೆ ತಕ್ಕ ಕೆಲಸ ಕೊಡುವುದು. ಆದ್ದರಿಂದ ಎಂಜಿನ್ ಶುರುವಾಯಿತೆಂದು ಗಾಬರಿಯಿಂದ ಕಾಲು ಎತ್ತಬೇಡಿ. ಸಿಗ್ನಲ್ ಬಿಟ್ಟಾಗ ಲವಲವಿಕೆಯಿಂದ, ಆದರೆ ಪೆಡಲನ್ನು ತಳಕ್ಕೆ ತುಳಿಯದೆ, ಬೇಕಾದ ವೇಗಕ್ಕೆ ಬನ್ನಿ. ಬಂದ ಮೇಲೆ ಕಾಲು ಸಡಿಲಿಸಿ.

ಸಡಿಲಿಸಿದ ಮೇಲೆ ಏನಾಗುತ್ತದೆ ಎಂಬುದೇ ನನಗೆ ಅತ್ಯಂತ ಇಷ್ಟವಾದ ಭಾಗ. ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದರೆ ಮೋಟಾರು ಜನರೇಟರ್ ಆಗಿ ಕಾರನ್ನು ಮೆಲ್ಲಗೆ ಹಿಡಿದೆಳೆಯುತ್ತದೆ. ಶಕ್ತಿ ಎತ್ತ ಹರಿಯುತ್ತಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಚಕ್ರದಿಂದ ಬ್ಯಾಟರಿಯತ್ತ ಬಾಣಗಳು ಹರಿಯುತ್ತವೆ. ಈಗ ಪೆಡಲನ್ನು ಕೂದಲೆಳೆಯಷ್ಟು ಒತ್ತಿ. ಬಾಣಗಳು ಮಾಯವಾಗುವ ಒಂದು ಬಿಂದು ಸಿಗುತ್ತದೆ. ಬ್ಯಾಟರಿಗೆ ಬರುವುದೂ ಇಲ್ಲ, ಅಲ್ಲಿಂದ ಹೋಗುವುದೂ ಇಲ್ಲ, ಎಂಜಿನ್ ನಿಂತಿದೆ, ಕಾರು ತನ್ನ ಓಟದ ಬಲದಲ್ಲೇ ಸಾಗುತ್ತಿದೆ. ಇನ್ನೂ ತುಸು ಒತ್ತಿದರೆ ಬಾಣ ತಿರುಗಿ ಬ್ಯಾಟರಿಯಿಂದ ಹೊರಟುಬಿಡುತ್ತದೆ. ಆ ಬಿಂದುವನ್ನು ಪಾದ ಕಲಿಯಲು ಸ್ವಲ್ಪ ಕಾಲ ಬೇಕು, ಕಲಿತ ಮೇಲೆ ಪರದೆ ನೋಡುವ ಅಗತ್ಯವೂ ಬೀಳುವುದಿಲ್ಲ. (ನೋಡಲೂ ಬಾರದು, ಕಣ್ಣು ರಸ್ತೆಯ ಮೇಲಿರಬೇಕು.) ಯಾವ ರೂಪಕ್ಕೂ ಬದಲಾಗದೆ ಖರ್ಚಾಗುವ ಶಕ್ತಿಯಲ್ಲಿ ಸೋರಿಕೆ ಕಡಿಮೆ. ಅದಕ್ಕೇ ಇಂಥ ಜಾರುಓಟವು ಬ್ಯಾಟರಿ ಓಟಕ್ಕಿಂತ ಮೇಲು, ಬ್ರೇಕ್‌ನಿಂದ ವಿದ್ಯುತ್ ಹಿಡಿಯುವುದಕ್ಕಿಂತಲೂ ಮೇಲು.

ಬ್ರೇಕ್ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆಯಿದೆ. ಸ್ನೇಹಿತರೊಬ್ಬರ ಪಕ್ಕ ಕುಳಿತು ಹೋಗುತ್ತಿದ್ದೆ. ದೂರದಲ್ಲಿ ಕೆಂಪು ದೀಪ ಕಾಣುತ್ತಿತ್ತು, ಅವರು ವೇಗ ಕಡಿಮೆ ಮಾಡಲಿಲ್ಲ. ಹತ್ತಿರ ಬಂದು ಬಲವಾಗಿ ಬ್ರೇಕ್ ತುಳಿದು, ‘ಪರವಾಗಿಲ್ಲ ಬಿಡಿ, ಎಲ್ಲ ಬ್ಯಾಟರಿಗೇ ಹೋಗುತ್ತದೆ’ ಎಂದರು. ಎಲ್ಲವೂ ಹೋಗುವುದಿಲ್ಲ. ಬ್ಯಾಟರಿ ಮತ್ತು ಮೋಟಾರು ಒಂದೇ ಏಟಿಗೆ ನುಂಗಬಲ್ಲ ವಿದ್ಯುತ್ತಿಗೆ ಮಿತಿಯಿದೆ. ಗಕ್ಕನೆ ತುಳಿದಾಗ ಮಿತಿ ಮೀರಿದ್ದನ್ನೆಲ್ಲ ಮಾಮೂಲಿ ಬ್ರೇಕ್ ಪ್ಯಾಡುಗಳು ಉಜ್ಜಿ ಬಿಸಿಯಾಗಿಸಿ ಗಾಳಿಗೆ ಬಿಡುತ್ತವೆ. ತೀರಾ ನಿಧಾನದ ವೇಗದಲ್ಲೂ ಪ್ಯಾಡುಗಳೇ ಕೆಲಸ ಮುಗಿಸುವುದು. 1,500 ಕಿಲೋ ತೂಕದ ಕಾರನ್ನು ನಿಂತಲ್ಲಿಂದ ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ತರಲು, ಎಂಜಿನ್ ಒಳ್ಳೆಯ ದಕ್ಷತೆಯಲ್ಲಿ ಓಡಿದರೂ, ವೇಗಕ್ಕೆಂದೇ 18 ಮಿಲಿಲೀಟರ್‌ನಷ್ಟು ಪೆಟ್ರೋಲ್ ಬೇಕು. ಹೆಚ್ಚುಕಡಿಮೆ ನಾಲ್ಕು ಟೀ ಚಮಚ. ಪ್ರತಿ ಸಿಗ್ನಲ್‌ನಲ್ಲೂ ಅದರಲ್ಲಿ ಎಷ್ಟು ಚೆಲ್ಲುತ್ತೇವೆ ಎಂಬುದು ನಾವು ಎಷ್ಟು ಮುಂದಕ್ಕೆ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ಕೆಂಪು ಕಂಡ ಕೂಡಲೇ ಕಾಲು ಎತ್ತಿದರೆ, ತಲುಪುವಷ್ಟರಲ್ಲಿ ಎಷ್ಟೋ ಸಲ ಹಸಿರಾಗಿರುತ್ತದೆ. ನಿಲ್ಲುವ ಪ್ರಮೇಯವೇ ಬರುವುದಿಲ್ಲ. ನಿಲ್ಲಲೇಬೇಕಾದರೆ ಮೊದಲೇ ಶುರುಮಾಡಿ, ಹಗುರವಾಗಿ, ದೀರ್ಘವಾಗಿ ಬ್ರೇಕ್ ಒತ್ತಿ.

ಹೆದ್ದಾರಿಯಲ್ಲಿ ಈ ಯಾವ ಚಾಕಚಕ್ಯತೆಯೂ ವೇಗದ ಮುಂದೆ ನಡೆಯುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಶೇ. 56ರಷ್ಟು ಹೆಚ್ಚು. ಅಲ್ಲಿ ಬ್ರೇಕ್ ಹಿಡಿಯುವುದು ಕಡಿಮೆ, ಹಾಗಾಗಿ ವಾಪಸು ಸಿಗುವುದೂ ಕಡಿಮೆ. ಹೈಬ್ರಿಡ್ ಊರೊಳಗೆ ತೋರಿಸುವ ಜಾದೂ ಹೆದ್ದಾರಿಯಲ್ಲಿ ಕಾಣದಿರಲು ಇದೇ ಕಾರಣ. ‘ಕಂಪನಿಯವರು ಹೇಳಿದಷ್ಟು ಬರುತ್ತಿಲ್ಲ’ ಎಂದು ದೂರುವವರನ್ನು ನಾನು ಮೊದಲು ಕೇಳುವ ಪ್ರಶ್ನೆ, ಹೆದ್ದಾರಿಯಲ್ಲಿ ಎಷ್ಟರಲ್ಲಿ ಹೋಗುತ್ತೀರಿ ಎಂಬುದೇ. ಗಾಳಿಯ ತಡೆ ತಪ್ಪಿಸಿಕೊಳ್ಳಲು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ. ಉಳಿಯುವ ಪೆಟ್ರೋಲ್ ಜೀವಕ್ಕೆ ಸಮವಲ್ಲ.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆಯ ಚಾಳಿಯನ್ನೂ ಬಿಡಬೇಕು. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಕಾರಿನ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಟೊಯೊಟಾ ಹೈಬ್ರಿಡ್‌ಗಳ ಗೇರ್ ಲಿವರಿನಲ್ಲಿ ಕಾಣುವ ‘ಬಿ’ ಎಂದರೆ ಹೆಚ್ಚು ಬ್ಯಾಟರಿ ತುಂಬಿಸುವ ಸ್ಥಾನ ಎಂದು ಕೆಲವರು ಭಾವಿಸಿದ್ದಾರೆ. ಅದು ಎಂಜಿನ್ ತಿರುಗಿಸಿ ವೇಗ ತಡೆಯುವ ವ್ಯವಸ್ಥೆ. ಉದ್ದನೆಯ ಘಟ್ಟ ಇಳಿಯುವಾಗ ಬ್ರೇಕ್ ಕಾಯದಿರಲೆಂದು ಇರುವುದು, ದಿನದ ಓಡಾಟಕ್ಕಲ್ಲ.

ಉಳಿದದ್ದು ಯಾವ ಕಾರಿಗೂ ಹೊಂದುವ ಮಾತು: ಟೈರ್ ತಣ್ಣಗಿರುವಾಗ ಗಾಳಿ ನೋಡಿ, ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟೇ ತುಂಬಿಸಿ. ಹೈಬ್ರಿಡ್‌ಗೆಂದೇ ಎರಡು ಸೇರಿಸುತ್ತೇನೆ. ಅನೇಕ ಮಾದರಿಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿ ತಂಪಾಗಿಸುವ ಗಾಳಿಕಿಂಡಿ ಇರುತ್ತದೆ, ಅದಕ್ಕೆ ಚೀಲ ಅಡ್ಡ ಇಡಬೇಡಿ. ಎರಡನೆಯದು ಚಿಕ್ಕ ಚಿಕ್ಕ ಓಡಾಟ. ತಣ್ಣಗಿನ ಎಂಜಿನ್ ತನ್ನನ್ನೂ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಲು, ಅಗತ್ಯವಿರಲಿ ಬಿಡಲಿ, ಮೊದಲ ಕೆಲವು ನಿಮಿಷ ಓಡಿಯೇ ತೀರುತ್ತದೆ. ಮೂರು ಕೆಲಸಕ್ಕೆ ಮೂರು ಸಲ ಹೊರಡುವುದರ ಬದಲು ಒಂದೇ ಸುತ್ತಿನಲ್ಲಿ ಮುಗಿಸಿದರೆ ಆ ದಂಡ ಒಮ್ಮೆ ಮಾತ್ರ.

ಕೊನೆಗೆ, ಲಾಭ ಅಳೆಯುವ ರೀತಿ. ‘ಇವಿಯಲ್ಲಿ ಶೇಕಡಾ ಇಷ್ಟು ಹೊತ್ತು’ ಎಂದು ಪ್ರಯಾಣ ಮುಗಿದಾಗ ಪರದೆ ತೋರಿಸುವ ಅಂಕಿಯನ್ನು ನಂಬಿ ಕೂರಬೇಡಿ. ಸಿಗ್ನಲ್‌ನಲ್ಲಿ ಸುಮ್ಮನೆ ನಿಂತರೂ ಅದು ಏರಬಹುದು. ಒಂದೇ ಪ್ರಯಾಣದ ಮೈಲೇಜನ್ನೂ ನೆಚ್ಚಬೇಡಿ. ಹೊರಡುವಾಗ ಬ್ಯಾಟರಿ ತುಂಬಿದ್ದು, ತಲುಪುವಾಗ ಇಳಿದಿದ್ದರೆ ಲೆಕ್ಕ ತಪ್ಪುತ್ತದೆ. ಟ್ಯಾಂಕ್ ತುಂಬಿಸಿ, ಮುಂದಿನ ಸಲ ಮತ್ತೆ ತುಂಬಿಸಿದಾಗ ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ನಾಲ್ಕಾರು ಸಲ ಹೀಗೆ ಬರೆದಿಟ್ಟು ನೋಡಿ, ಕಾಮೆಂಟಿನಲ್ಲಿ ನಿಮ್ಮ ಅಂಕಿಗಳನ್ನು ಹಾಕಿ.