ಮಿಸ್ಸಿಂಗ್ ಎಂದೊಡನೆ ಬಿಡಿಭಾಗ ಬದಲಿಸುವವರಿಗೆ

ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಎರಡು ತಿಂಗಳ ಕಾಲ ಬಿಡದೆ ಮಿಸ್ ಹೊಡೆಯಿತು, ಅಂದರೆ ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸರಿಯಾಗಿಯೇ ಇರುತ್ತಿದ್ದ ಎಂಜಿನ್, ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ನಡುಗತೊಡಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ನಡುಕ ಬಹುಮಟ್ಟಿಗೆ ಅಡಗುತ್ತಿತ್ತು. ಸ್ಕ್ಯಾನರ್ ಪಿ0302 ಎಂಬ, ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದೆಯೆನ್ನುವ ಕೋಡ್ ತೋರಿಸಿತು. ಗ್ಯಾರೇಜಿನವರು ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್, ಆಮೇಲೆ ಎರಡನೆಯ ಸಿಲಿಂಡರಿನ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್, ಕೊನೆಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನೂ ಹೊಸದಾಗಿ ಹಾಕಿದರು. ಮಿಸ್ಸಿಂಗ್ ಹಾಗೆಯೇ ಉಳಿಯಿತು.

ಆ ಕೋಡ್ ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ಅವರು ಒಮ್ಮೆ ಯೋಚಿಸಿದ್ದರೆ ಇಷ್ಟು ಖರ್ಚು ಬರುತ್ತಿರಲಿಲ್ಲವೆಂದು ನನಗೆ ಇಂದಿಗೂ ಅನ್ನಿಸುತ್ತದೆ. ಪ್ರತಿ ಸಿಲಿಂಡರಿನಲ್ಲಿ ಇಂಧನ ಉರಿದಾಗ ಕ್ರ್ಯಾಂಕ್‌ಶಾಫ್ಟ್‌ಗೆ ಒಂದು ನೂಕು ಸಿಗುತ್ತದೆ. ಅದು ಸಿಗದಿದ್ದಾಗ ಆ ಕ್ಷಣದಲ್ಲಿ ಶಾಫ್ಟಿನ ವೇಗ ತುಸು ಕುಗ್ಗುವುದನ್ನು ಸೆನ್ಸರಿನ ಮೂಲಕ ಎಂಜಿನ್ನಿನ ಕಂಪ್ಯೂಟರ್ ಗುರುತಿಸಿ ಎಣಿಸಿಕೊಳ್ಳುತ್ತದೆ. ಎರಡನೆಯ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂಬಷ್ಟೇ ಅದಕ್ಕೆ ಗೊತ್ತು. ಕಿಡಿ ಇಲ್ಲವೇ, ಇಂಧನ ಸಾಲದೇ, ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ) ನಿಲ್ಲುತ್ತಿಲ್ಲವೇ ಎಂಬುದನ್ನು ಮನುಷ್ಯರೇ ಪರೀಕ್ಷಿಸಿ ತಿಳಿಯಬೇಕು.

ಕಾಯಿಲಿನ ಮೇಲೆ ಅನುಮಾನವಿದ್ದರೆ ಹೊಸದನ್ನು ಕೊಳ್ಳುವ ಮೊದಲು ಎರಡನೆಯದನ್ನು ಮೂರನೆಯ ಸಿಲಿಂಡರಿಗೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ ಓಡಿಸಬೇಕು. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲೇ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ತಪ್ಪು ಕಾಯಿಲಿನದಲ್ಲ. ಪ್ಲಗ್‌ಗಳಿಗೂ ಇದೇ ವಿಧಾನ ಸಾಕು. ಇಷ್ಟು ಸುಲಭವಾದ, ಕಾಸು ಖರ್ಚಿಲ್ಲದ ಪರೀಕ್ಷೆಯನ್ನು ಬಿಟ್ಟು ಗ್ರಾಹಕನ ಹಣದಲ್ಲಿ ಊಹೆಗಳನ್ನು ಪರೀಕ್ಷಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮಿಸ್ಸಿಂಗ್‌ಗೆ ಗಾಳಿ ಸೋರಿಕೆಯೂ ಕಾರಣವಾಗಬಹುದು. ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಕಡೆ ಗಾಳಿ ಸೋರುತ್ತಿದ್ದರೆ ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನದ ಪ್ರಮಾಣದಲ್ಲಿ ಮಾಡಿಕೊಳ್ಳುವ ತಿದ್ದುಪಡಿ) ಬಹಳ ಏರಿ, 2500 ಆರ್‌ಪಿಎಂ ಹೊತ್ತಿಗೆ ಇಳಿಯುತ್ತದೆ. ನನ್ನ ಕಾರಿನಲ್ಲಿ ಅಂಥ ಲಕ್ಷಣವಿರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು: ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ದಯವಿಟ್ಟು ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಒಳಭಾಗ ಕರಗುವಷ್ಟು ಕಾವೇರಬಹುದು.

ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ಬಿಸಿ ಎಂಜಿನ್ನಿನಲ್ಲೇ ಕಂಪ್ರೆಷನ್ ಅಳೆದರು. ಮೂರು ಸಿಲಿಂಡರುಗಳು 170 ಪಿಎಸ್‌ಐ ಆಸುಪಾಸಿನಲ್ಲಿದ್ದರೆ ಎರಡನೆಯದು 110 ದಾಟಲಿಲ್ಲ. ಪ್ಲಗ್ ರಂಧ್ರದ ಮೂಲಕ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗ್ ಸವೆದಿದ್ದರೆ ಆಗ ಅಂಕಿ ಏರಬೇಕಿತ್ತು, ಏರಲಿಲ್ಲ. ಆ ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿದಾಗ ಸೈಲೆನ್ಸರ್ ಬಾಯಿಂದ ಸುಯ್ಯೆನ್ನುವ ಸದ್ದು ಕೇಳಿಸಿತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ಒತ್ತಿ ತೆರೆಯುವ ಭಾಗಕ್ಕೂ ನಡುವಿನ ಸಂದು) ತೀರಾ ಕಡಿಮೆಯಾಗಿ, ಬಿಸಿಗೆ ಅದರ ಕಾಂಡ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಎಂಜಿನ್ ವೇಗವಾಗಿ ತಿರುಗುವಾಗ ಸೋರಲು ಸಮಯವೇ ಸಾಲದು. ಆಕ್ಸಿಲರೇಟರ್ ಒತ್ತಿದಾಗ ನಡುಕ ಅಡಗುತ್ತಿದ್ದುದು ಅದಕ್ಕೇ.

ವಾಲ್ವ್ ಸೀಟು ಸುಟ್ಟಿರಲಿಲ್ಲವಾದ್ದರಿಂದ ಕ್ಲಿಯರೆನ್ಸ್ ಹೊಂದಿಸಿದ್ದೇ ಸಾಕಾಯಿತು. ಮರು ಅಳತೆಯಲ್ಲಿ ನಾಲ್ಕೂ ಸಿಲಿಂಡರುಗಳು ಸಮವಾದವು. ತೆಗೆದಿರಿಸಿದ್ದ ಹಳೆಯ ಕಾಯಿಲನ್ನೂ ಇಂಜೆಕ್ಟರನ್ನೂ ಎರಡನೆಯ ಸಿಲಿಂಡರಿಗೇ ಮತ್ತೆ ಹಾಕಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾದು ನೋಡಿದೆ. ಐಡ್ಲಿಂಗ್‌ನಲ್ಲಿ ಅದು ಒಮ್ಮೆಯೂ ನಡುಗಲಿಲ್ಲ.