ನೋಟ್ಸಲ್ಲಿ ಎಲ್ರೂ ಹಾರಿಸೋ ಹನ್ನೆರಡು ವರ್ಷ

ಅಮೆರಿಕದ ಹಿಸ್ಟರಿ ಓದೋರ ನೋಟ್ಸ್ ಯಾರದ್ದಾದ್ರೂ ತೆಗೆದು ನೋಡಿ, ಯುಪಿಎಸ್‌ಸಿಗೆ ಓದೋರದ್ದಾಗ್ಲಿ ಸುಮ್ನೆ ಆಸಕ್ತಿಗೆ ಓದೋರದ್ದಾಗ್ಲಿ, ರೂಟ್ ಒಂದೇ. ಬಾಸ್ಟನ್ ಟೀ ಪಾರ್ಟಿ, 1776, ವಾಷಿಂಗ್ಟನ್, ಆಮೇಲೆ ಲಿಂಕನ್, ಗುಲಾಮಗಿರಿ ರದ್ದಾಯ್ತು, ಲಿಂಕನ್‌ಗೆ ಗುಂಡು ಬಿತ್ತು. ಅಲ್ಲಿಂದ ನಾನ್‌ಸ್ಟಾಪ್ ಬಸ್ ಹತ್ತಿದ ಹಾಗೆ ಸೀದಾ 1917ರ ಮಹಾಯುದ್ಧ, ಪ್ರೆಸಿಡೆಂಟ್ ವಿಲ್ಸನ್, 1929ರ ಡಿಪ್ರೆಶನ್, ಪರ್ಲ್ ಹಾರ್ಬರ್, ಹಿರೋಷಿಮಾ, ಮುಗೀತು ಸಿಲೆಬಸ್ಸು.

ನಾನು ಹೇಳೋದು ಇಷ್ಟೇ, ಟೈಮ್ ಕಮ್ಮಿ ಇದ್ರೆ ಬೇರೆ ಏನಾದ್ರೂ ಬಿಡಿ, 1865ರಿಂದ 1877 ಮಾತ್ರ ಬಿಡ್ಬೇಡಿ. ರೀಕನ್‌ಸ್ಟ್ರಕ್ಷನ್ ಅಂತಾರಲ್ಲ, ನಮ್ ಪುಸ್ತಕಗಳಲ್ಲಿ ‘ಪುನರ್ನಿರ್ಮಾಣ’ ಅಂತ ಅರ್ಧ ಪುಟ ಇರತ್ತೆ ನೋಡಿ, ಅದೇ. ಅಂತರ್ಯುದ್ಧ ಮುಗಿದ್ಮೇಲೆ ಸೋತ ದಕ್ಷಿಣದ ರಾಜ್ಯಗಳನ್ನ ಮತ್ತೆ ಸೇರಿಸ್ಕೊಂಡು, ಬಿಡುಗಡೆಯಾದ ಗುಲಾಮರಿಗೆ ಹಕ್ಕು ಕೊಡೋಕೆ ನೋಡಿದ ಕಾಲ.

ಕ್ರಾಂತಿ ಭಾಗ ಓದ್ಬೇಡಿ ಅಂತಿಲ್ಲ, ಆದ್ರೆ ಅದನ್ನೂ ನಾವು ಓದೋ ರೀತಿ ಸರಿ ಇಲ್ಲ. ಟೀ ಮೇಲೆ ತೆರಿಗೆ ಏರಿಸಿದ್ರು, ಅದಕ್ಕೆ ಸಮುದ್ರಕ್ಕೆ ಎಸೆದ್ರು ಅಂತ ಬಾಯಿಪಾಠ ಮಾಡ್ತೀವಿ. 1773ರ ಟೀ ಆಕ್ಟ್ ಬಂದ್ಮೇಲೆ ಈಸ್ಟ್ ಇಂಡಿಯಾ ಕಂಪನಿ ಟೀ ಅಲ್ಲಿ ಇನ್ನೂ ಅಗ್ಗ ಆಗೋದಿತ್ತು, ಹಳೇ ತೆರಿಗೆ ಹಾಗೇ ಇತ್ತು ಅಷ್ಟೆ. ಸಾಲದಲ್ಲಿ ಮುಳುಗಿದ್ದ ಕಂಪನಿನ ಎತ್ತೋಕೆ ಲಂಡನ್ ಮಾಡಿದ ಉಪಾಯ ಅದು, ಹೊಡೆತ ಬಿದ್ದಿದ್ದು ಅಲ್ಲಿನ ವ್ಯಾಪಾರಿಗಳಿಗೆ, ಕಳ್ಳಸಾಗಣೆ ಮಾಡೋರಿಗೆ. ಪಾರ್ಲಿಮೆಂಟಲ್ಲಿ ನಮ್ಮೋರಿಲ್ದೆ ತೆರಿಗೆ ಹಾಕೋಕೆ ನೀವ್ಯಾರು ಅನ್ನೋ ಸಿಟ್ಟೂ ಸೇರಿ 342 ಪೆಟ್ಟಿಗೆ ನೀರಿಗೆ ಹೋಯ್ತು. 1776ರ ಸ್ವಾತಂತ್ರ್ಯ ಘೋಷಣೇಲಿ ಎಲ್ಲ ಮನುಷ್ಯರೂ ಸಮಾನ ಅಂತ ಬರೆದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. 1787ರ ಸಂವಿಧಾನ ಇನ್ನೂ ಜಾಣತನದ್ದು, ಗುಲಾಮ ಅನ್ನೋ ಪದ ಎಲ್ಲೂ ಬರಲ್ಲ, ಆದ್ರೆ ಸಂಸತ್ತಿನ ಸೀಟ್ ಲೆಕ್ಕಕ್ಕೆ ಐದು ಗುಲಾಮರನ್ನ ಮೂರು ತಲೆ ಅಂತ ಎಣಿಸ್ತಾರೆ. ಓಟಿಲ್ಲದವನ ತಲೆ ತೋರ್ಸಿ ಒಡೆಯನ ರಾಜ್ಯಕ್ಕೆ ಜಾಸ್ತಿ ಸೀಟು!

1793ರಲ್ಲಿ ಹತ್ತಿ ಬಿಡಿಸೋ ಜಿನ್ ಬಂದ್ಮೇಲೆ ಗುಲಾಮಗಿರಿ ಕರಗೋ ಬದ್ಲು ಬೆಳೀತು, 1860ಕ್ಕೆ ಸುಮಾರು 40 ಲಕ್ಷ ಜನ. (ಧಾರವಾಡದ ಕಡೆಯೋರಿಗೆ ಗೊತ್ತಿರ್ಬೋದು, 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸ್ ಹತ್ತಿಬೀಜ ಅಲ್ಲಿನ ಕರಿಮಣ್ಣಿಗೆ ಬಂದಿತ್ತು, ‘ಧಾರವಾಡ-ಅಮೆರಿಕನ್’ ಅನ್ನೋ ತಳಿನೇ ಆಯ್ತು. 1861ರಲ್ಲಿ ಅಮೆರಿಕದಲ್ಲಿ ಉತ್ತರ-ದಕ್ಷಿಣ ಯುದ್ಧ ಶುರುವಾಗಿ ದಕ್ಷಿಣದ ಬಂದರು ಬಂದ್ ಆದಾಗ ಮ್ಯಾಂಚೆಸ್ಟರ್ ಗಿರಣಿಯೋರ ಕಣ್ಣು ನಮ್ ಹತ್ತಿ ಮೇಲೆ ಬಿತ್ತು, ಕಾರವಾರ ಬಂದರು ಬೆಳೆಸ್ಬೇಕು ಅಂತ ಒತ್ತಾಯ ಜೋರಾಗಿದ್ದು ಆವಾಗ್ಲೇ.)

ಸರಿ, ವಿಷಯಕ್ಕೆ ಬರೋಣ. ಈ ಹನ್ನೆರಡು ವರ್ಷ ಎಂಥದ್ದು ಅಂತ ಗೊತ್ತಾಗ್ಬೇಕಂದ್ರೆ ರಾಬರ್ಟ್ ಸ್ಮಾಲ್ಸ್ ಒಬ್ಬನ ಕಥೆ ಸಾಕು. ಚಾರ್ಲ್ಸ್‌ಟನ್ ಬಂದರಲ್ಲಿ ಪ್ಲಾಂಟರ್ ಅನ್ನೋ ಹಡಗು ನಡೆಸ್ತಿದ್ದ ಗುಲಾಮ. 1862ರ ಮೇ 13, ಬೆಳಗಿನ ಜಾವ, ಬಿಳಿ ಆಫೀಸರ್‌ಗಳೆಲ್ಲ ರಾತ್ರಿ ಕಳೆಯೋಕೆ ದಡಕ್ಕೆ ಹೋಗಿದ್ರು. ಈ ಪುಣ್ಯಾತ್ಮ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ತಲೆ ಮೇಲಿಟ್ಕೊಂಡ, ದಾರೀಲಿ ಹೆಂಡ್ತಿ ಮಕ್ಕಳನ್ನ ಹತ್ತಿಸ್ಕೊಂಡ, ಫೋರ್ಟ್ ಸಮ್ಟರ್ ತೋಪುಗಳ ಮುಂದೆನೇ ಸರಿಯಾದ ಸೀಟಿ ಸಿಗ್ನಲ್ ಕೊಟ್ಕೊಂಡು ದಾಟಿ, ಬಿಳೀ ಬೆಡ್‌ಶೀಟ್ ಏರಿಸಿ ಹಡಗನ್ನ ಉತ್ತರದ ನೌಕಾಪಡೆಗೆ ಒಪ್ಪಿಸ್ದ. ಯಾರ ಮನೆ ಹಿತ್ತಿಲಲ್ಲಿ ಗುಲಾಮನಾಗಿ ಹುಟ್ಟಿದ್ನೋ ಅದೇ ಮನೆನ ಆಮೇಲೆ ತೆರಿಗೆ ಹರಾಜಲ್ಲಿ ಕೊಂಡ್ಕೊಂಡ. 1868ರಲ್ಲಿ ಸೌತ್ ಕ್ಯಾರೊಲಿನಾದ ಹೊಸ ಸಂವಿಧಾನ ಬರೆಯೋ ಸಭೇಲಿ ಕೂತು ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಬೇಕು ಅಂದ, 1875ಕ್ಕೆ ಅಮೆರಿಕದ ಸಂಸತ್ತಲ್ಲಿದ್ದ.

ಇಂಥೋರು ಒಬ್ರಿಬ್ರಲ್ಲ. 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟರ್, ಆಮೇಲೆ ಬ್ಲಾಂಚ್ ಬ್ರೂಸ್. 1881ರಲ್ಲಿ ಬ್ರೂಸ್ ಅವಧಿ ಮುಗಿದ್ಮೇಲೆ ಇನ್ನೊಬ್ಬ ಕಪ್ಪು ಸೆನೆಟರ್ ಬಂದು ಕೂತಿದ್ದು ಯಾವಾಗ ಗೊತ್ತಾ, 1967ರಲ್ಲಿ. ನಡುವೆ ಏನಾಯ್ತು ಅಂತ ಕೇಳ್ದೇನೇ ನಾವು ವಿಲ್ಸನ್‌ಗೆ ಹೋಗ್ಬಿಡ್ತೀವಿ.

ಆಗಿದ್ದೇನಂದ್ರೆ, ಬಿಡುಗಡೆ ಸಿಕ್ತು, ಭೂಮಿ ಸಿಗ್ಲಿಲ್ಲ. ಉತ್ತರದ ಸೇನೆಯ ಜನರಲ್ ಶೆರ್ಮನ್ 1865ರ ಜನವರೀಲಿ 40 ಎಕ್ರೆವರೆಗೆ ಕೊಡೋಕೆ ಆರ್ಡರ್ ಹಾಕಿದ್ರೆ, ಲಿಂಕನ್ ಸತ್ಮೇಲೆ ಬಂದ ಜಾನ್ಸನ್ ಅದೇ ವರ್ಷ ಅದನ್ನ ಹಳೇ ಒಡೆಯರಿಗೆ ವಾಪಸ್ ಮಾಡ್ಸಿದ್ರು. ಗುಲಾಮಗಿರಿ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡೀಲಿ ‘ಅಪರಾಧಕ್ಕೆ ಶಿಕ್ಷೆಯಾಗಿ ಹೊರತು’ ಅಂತ ಒಂದು ಸಂದಿ ಇದೆಯಲ್ಲ, ಅದ್ರಲ್ಲೇ ಎಲ್ಲ ನುಸುಳಿದ್ರು. ಮಿಸಿಸಿಪ್ಪೀಲಿ ಕೆಲ್ಸ ಇದೆ ಅಂತ ಕಾಗದ ತೋರಿಸ್ದೇ ಇದ್ರೆ ಅಲೆಮಾರಿ ಅಂತ ದಂಡ, ದಂಡ ಕಟ್ಟೋಕಾಗ್ದಿದ್ರೆ ಕಟ್ಟಿದವನ ಹತ್ರ ದುಡೀಬೇಕು. ಜೀತ ಅನ್ನದೆ ಇನ್ನೇನನ್ನೋದು ಇದಕ್ಕೆ.

1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಸಿಯಾನದ ಕಾಲ್‌ಫ್ಯಾಕ್ಸ್ ಅನ್ನೋ ಊರಲ್ಲಿ ಚುನಾವಣೆ ಜಗಳಕ್ಕೆ ಕೋರ್ಟ್ ಕಟ್ಟಡ ಕಾಯ್ತಿದ್ದ ಕಪ್ಪು ಜನರ ಮೇಲೆ ಬಿಳಿಯರ ಗುಂಪು ತೋಪು ತಂದು ಹೊಡೆದು, ಕಟ್ಟಡಕ್ಕೆ ಬೆಂಕಿ ಇಟ್ರು, ಶರಣಾದೋರನ್ನೂ ಬಿಡ್ಲಿಲ್ಲ. ಅದೇ ವರ್ಷ ಇಲ್ಲಿ ಪುಣೇಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕನ, ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಒಳ್ಳೆ ಜನಕ್ಕೆ ಅರ್ಪಣೆ ಮಾಡಿದ್ರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಒಂದ್ಸಲ. ಕಾಲ್‌ಫ್ಯಾಕ್ಸ್ ಕೇಸಲ್ಲಿ ಶಿಕ್ಷೆ ಆಗಿದ್ದ ಕೆಲವೇ ಜನರನ್ನೂ 1876ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸ್ತು. 1877ರಲ್ಲಿ ಹೇಯ್ಸ್ ಪ್ರೆಸಿಡೆಂಟ್ ಆಗೋ ವ್ಯವಹಾರದಲ್ಲಿ ಕಪ್ಪು ಜನರ ಹಕ್ಕು ಕಾಯೋಕೆ ದಕ್ಷಿಣದಲ್ಲಿದ್ದ ಕೇಂದ್ರದ ಸೇನೆ ಹಿಂದಕ್ಕೆ. ಆಮೇಲೆ ಓಟರ್ ಲಿಸ್ಟ್ ಕಥೆ: ಲೂಸಿಯಾನದಲ್ಲಿ 1896ರಲ್ಲಿ 1,30,000ಕ್ಕೂ ಹೆಚ್ಚು ಕಪ್ಪು ಮತದಾರರಿದ್ರು, 1904ಕ್ಕೆ 1,342.

ಇದನ್ನ ಓದ್ಕೊಂಡು ಮಹಾಯುದ್ಧಕ್ಕೆ ಹೋಗಿ, ಬೇರೇನೇ ಕಾಣತ್ತೆ. ಪ್ರಜಾಪ್ರಭುತ್ವಕ್ಕೆ ಜಗತ್ತು ಸುರಕ್ಷಿತ ಆಗ್ಬೇಕು ಅಂತ 1917ರಲ್ಲಿ ಭಾಷಣ ಮಾಡಿದ ವಿಲ್ಸನ್ ಕಾಲದಲ್ಲೇ, 1913ರಿಂದ, ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನ ಬೇರೆ ಕೂರಿಸೋದು ಹಬ್ಬಿದ್ದು. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಸೈನಿಕರ 369ನೇ ರೆಜಿಮೆಂಟನ್ನ ಫ್ರೆಂಚರ ಕೈಗೆ ಕೊಟ್ಬಿಟ್ರು, ಅವ್ರು 191 ದಿನ ಮುಂಚೂಣೀಲಿದ್ದು ಫ್ರಾನ್ಸ್ ಪದಕ ತಗೊಂಡು ಬಂದ್ರೆ, 1919ರಲ್ಲಿ ಊರೂರಲ್ಲಿ ಕಪ್ಪು ಜನರ ಮೇಲೆ ಗಲಭೆ. ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್ 1918ರಲ್ಲಿ ಅವ್ರ ಸೇನೇಲಿ ಇದ್ದೋರು, 1923ರಲ್ಲಿ ಕೋರ್ಟ್ ‘ನೀನು ಬಿಳಿಯನಲ್ಲ’ ಅಂತು, ಪೌರತ್ವ ಹೋಯ್ತು. 1935ರ ಸೋಷಿಯಲ್ ಸೆಕ್ಯೂರಿಟಿ ಅನ್ನೋ ಪಿಂಚಣಿ ಯೋಜನೆಯಿಂದ ಹೊಲದ ಕೂಲಿಯೋರನ್ನೂ ಮನೆಗೆಲಸದೋರನ್ನೂ ಹೊರಗಿಟ್ರು, ದಕ್ಷಿಣದಲ್ಲಿ ಕಪ್ಪು ಜನ ಹೆಚ್ಚಾಗಿ ಇದ್ದಿದ್ದು ಇವೆರಡರಲ್ಲೇ. ಹಿಟ್ಲರ್ ವಿರುದ್ಧ ಹೋದ ಸೇನೇಲೂ ಕಪ್ಪು ಪಡೆ ಬೇರೆ, ಅದು ರದ್ದಾಗೋ ಆದೇಶ ಬಂದಿದ್ದು 1948ರಲ್ಲಿ, ಯುದ್ಧ ಮುಗಿದ್ಮೇಲೆ.

ನಮ್ ನೋಟ್ಸನ್ನ ಮಾತ್ರ ಬೈದು ಪ್ರಯೋಜನ ಇಲ್ಲ, ಅಮೆರಿಕದ ಶಾಲೆ ಪುಸ್ತಕಗಳೇ ದಶಕಗಟ್ಲೆ ಈ ಕಾಲನ ಭ್ರಷ್ಟಾಚಾರದ ಕಾಲ ಅಂತ ಬರ್ಕೊಂಡು ಬಂದ್ವು. ಕಾಲ್‌ಫ್ಯಾಕ್ಸಲ್ಲಿ ಆ ಕೊಲೆಗಳಿಂದ ದಕ್ಷಿಣದ ‘ದುರಾಡಳಿತ’ ಕೊನೆ ಆಯ್ತು ಅಂತ ಸರ್ಕಾರಿ ಫಲಕಾನೇ ನಿಂತಿತ್ತು, ಕಿತ್ತಿದ್ದು 2021ರಲ್ಲಿ! ಈ ಭ್ರಷ್ಟಾಚಾರದ ಕಥೆ ಸುಳ್ಳು ಅಂತ 1935ರಲ್ಲೇ ದಪ್ಪ ಪುಸ್ತಕ ಬರೆದು ಸಾಧಿಸಿದ್ದು ಕಪ್ಪು ಇತಿಹಾಸಕಾರ ಡಬ್ಲ್ಯೂ.ಇ.ಬಿ. ಡುಬಾಯ್ಸ್. 1946ರಲ್ಲಿ ಅಂಬೇಡ್ಕರ್ ಪತ್ರ ಬರೆದಿದ್ದು ಇವ್ರಿಗೇ. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕಿತ್ತು, ನಮ್ ಅಸ್ಪೃಶ್ಯರೂ ಅಂಥದ್ದೇ ಯೋಚನೇಲಿದ್ದಾರೆ ಅಂತ. ಆ ಪ್ರತೀನ ಜೊತೆಗೇ ಇಟ್ಟು ಡುಬಾಯ್ಸ್ ಉತ್ತರಾನೂ ಬರೆದಿದ್ರು.