ಸರ್ವಶಕ್ತ ದೇವರು ಎಂಬ ಕಲ್ಪನೆ ತರ್ಕಕ್ಕೆ ನಿಲ್ಲುತ್ತದೆಯೇ?

ಪರ: ಆಗದ ಮಾತಿಗೆ ದೇವರನ್ನು ದೂರಬೇಡಿ

ಮೊದಲೇ ಹೇಳಿಬಿಡುತ್ತೇನೆ, ಈ ಬದಿ ನಾನು ಕೇಳಿ ಪಡೆದದ್ದಲ್ಲ. ದೇವರು ಇದ್ದಾನಾ ಎಂದು ಕೇಳಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತೇನೋ. ಆದರೆ ಸಂಪಾದಕರು ಕೇಳಿರುವುದು ಚಿಕ್ಕ ಪ್ರಶ್ನೆ. ಅಂಥ ದೇವರ ಕಲ್ಪನೆ ತನಗೆ ತಾನೇ ಅಡ್ಡ ಬರುತ್ತದೆಯೇ? ಇಲ್ಲ ಎನ್ನುವುದಕ್ಕೆ ಕಾರಣಗಳಿವೆ.

ಕಲ್ಲಿನ ಪ್ರಶ್ನೆ ಎಲ್ಲರಿಗೂ ಗೊತ್ತು. ತಾನೇ ಎತ್ತಲಾರದಷ್ಟು ಭಾರದ ಕಲ್ಲನ್ನು ದೇವರು ಸೃಷ್ಟಿಸಬಲ್ಲನೇ? ಸೃಷ್ಟಿಸಿದರೆ ಎತ್ತಲಾರ. ಸೃಷ್ಟಿಸಲಾರ ಎಂದರೆ ಅಲ್ಲೇ ಸೋತ. ಕೇಳಿದವರು ಗೆದ್ದೆವು ಎಂದು ನಗುತ್ತಾರೆ.

1963ರಲ್ಲಿ ಜಾರ್ಜ್ ಮಾವ್ರೋಡ್ಸ್ ಎಂಬ ತತ್ವಜ್ಞ ಇದಕ್ಕೆ ಒಂದು ಪುಟ್ಟ ಲೇಖನದಲ್ಲಿ ಉತ್ತರ ಕೊಟ್ಟರು. ಎಲ್ಲವನ್ನೂ ಎತ್ತಬಲ್ಲವನು ಎತ್ತಲಾರದ ಕಲ್ಲು ಎಂಬ ಮಾತಿನಲ್ಲೇ ಜಗಳವಿದೆ. ಅದು ಯಾವ ವಸ್ತುವನ್ನೂ ಹೇಳುವುದಿಲ್ಲ. ಹಾಗಾಗಿ ಅದನ್ನು ಮಾಡದಿದ್ದರೆ ಯಾರ ಶಕ್ತಿಯೂ ಕಡಿಮೆಯಾಗುವುದಿಲ್ಲ.

ನಮ್ಮ ಹಳೆಯ ಚರ್ಚೆಗಳಲ್ಲಿ ಮೊಲದ ಕೊಂಬು, ಬಂಜೆಯ ಮಗ ಎಂಬ ಎರಡು ಉದಾಹರಣೆಗಳು ಜೊತೆಜೊತೆಯಾಗಿ ಬರುತ್ತವೆ. (ಎರಡನೆಯದು ಇವತ್ತು ಕಿವಿಗೆ ಹಿತವಲ್ಲ, ಆದರೆ ಉದಾಹರಣೆ ಹಳೆಯದು.) ಎರಡೂ ಇಲ್ಲದ ವಸ್ತುಗಳೇ. ಆದರೆ ವ್ಯತ್ಯಾಸ ನೋಡಿ. ಮೊಲಕ್ಕೆ ಕೊಂಬು ಇಲ್ಲ, ಇರಬಹುದಿತ್ತು. ಸರ್ವಶಕ್ತನಾದವನು ಬೇಕೆಂದರೆ ಕ್ಷಣದಲ್ಲಿ ಮೂಡಿಸಬಹುದು. ಮಕ್ಕಳನ್ನೇ ಹೆರದವಳು ಹೆತ್ತ ಮಗ ಮಾತ್ರ ಇರಲು ಸಾಧ್ಯವೇ ಇಲ್ಲ. ಮೊದಲನೆಯದು ಕೆಲಸ. ಎರಡನೆಯದು ಕೆಲಸವೇ ಅಲ್ಲ. ಇಡೀ ವಾದ ನಿಂತಿರುವುದು ಇಷ್ಟರ ಮೇಲೆ.

13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಕ್ರೈಸ್ತ ಚಿಂತಕ ಇದನ್ನೇ ಹೇಳಿದ. ಇಂಥದ್ದನ್ನು ದೇವರು ಮಾಡಲಾರ ಎನ್ನುವ ಬದಲು, ಇದು ಆಗುವಂಥದ್ದಲ್ಲ ಎನ್ನುವುದೇ ಸರಿ ಎಂದ. ಅವನಿಗಿಂತ ಮುಂಚೆ ಇಸ್ಲಾಮಿನ ಚಿಂತಕ ಅಲ್ ಗಜಾಲಿಯೂ ಒಂದನ್ನು ಏಕಕಾಲಕ್ಕೆ ಇದೆ ಮತ್ತು ಇಲ್ಲ ಎನ್ನಿಸುವುದು ಶಕ್ತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದಿದ್ದ. ಹಿರಣ್ಯಕಶಿಪುವಿನ ಕಥೆ ನೋಡಿ. ನರಸಿಂಹ ಒಂದು ಷರತ್ತನ್ನೂ ಮುರಿಯಲಿಲ್ಲ. ಸಂಜೆ ಹೊತ್ತು ಹುಡುಕಿದ, ಹೊಸ್ತಿಲು ಹುಡುಕಿದ. ಕೊಟ್ಟ ವರ ನಿಜವೂ ಹೌದು ಸುಳ್ಳೂ ಹೌದು ಎಂದು ಸುಮ್ನೆ ಮುಗಿಸಬಹುದಿತ್ತು. ಮುಗಿಸಲಿಲ್ಲ.

ದೇವರು ಸುಳ್ಳು ಹೇಳಬಲ್ಲನೇ ಎಂದೂ ಕೇಳುತ್ತಾರೆ. ಅದು ಶಕ್ತಿಯಲ್ಲ, ದೌರ್ಬಲ್ಯ ಎಂದು 11ನೇ ಶತಮಾನದ ಕ್ರೈಸ್ತ ಚಿಂತಕ ಆನ್ಸೆಲ್ಮ್ ಉತ್ತರಿಸಿದ. ಈ ಉತ್ತರ ನನಗೂ ಪೂರ್ತಿ ರುಚಿಸಿಲ್ಲ, ಇರಲಿ. ಇನ್ನು ಲೋಕದಲ್ಲಿ ಇಷ್ಟು ಸಂಕಟ ಯಾಕೆ ಎಂಬ ಪ್ರಶ್ನೆ. ಅದು ದೇವರ ಕರುಣೆಯ ಬಗ್ಗೆ. ಇಲ್ಲಿ ಕೇಳಿರುವುದು ಶಕ್ತಿಯ ಬಗ್ಗೆ ಮಾತ್ರ.

ವಿರೋಧ: ಹೊರಗಿನ ಡಿಸ್ಕ್ ಎಲ್ಲಿಂದ ತರುತ್ತೀರಿ?

ಪರ ಬರೆಯುವವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ಆಗದ್ದು ಕೆಲಸವೇ ಅಲ್ಲ ಎನ್ನುತ್ತಾರೆ. ಅಂದರೆ ದೇವರು ಮಾಡಲಾಗುವುದನ್ನೆಲ್ಲ ಮಾಡಬಲ್ಲ! ಭೇಷ್. ಹಾಗಾದರೆ ನಾನೂ ಸರ್ವಶಕ್ತನೇ. ನನ್ನಿಂದ ಆಗುವುದನ್ನೆಲ್ಲ ನಾನೂ ಮಾಡುತ್ತೇನೆ. ಆಲ್ವಿನ್ ಪ್ಲಾಂಟಿಂಗ ಎಂಬ ತತ್ವಜ್ಞ 1967ರ ಪುಸ್ತಕದಲ್ಲಿ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡರು. ಕಿವಿ ಕೆರೆದುಕೊಳ್ಳುವುದು ಬಿಟ್ಟರೆ ಬೇರೇನೂ ಮಾಡಲಾಗದ್ದೇ ಅವನ ಸ್ವಭಾವ. ಸ್ವಭಾವಕ್ಕೆ ಒಗ್ಗುವುದನ್ನೆಲ್ಲ ಮಾಡಬಲ್ಲವನೇ ಸರ್ವಶಕ್ತ ಎಂದರೆ ಈ ಪುಣ್ಯಾತ್ಮನೂ ಸರ್ವಶಕ್ತ. ಪ್ಲಾಂಟಿಂಗ ನಾಸ್ತಿಕರಲ್ಲ, ದೇವರ ಪರ ವಾದಿಸಿ ಹೆಸರಾದವರು.

ಈ ವಿಷಯದಲ್ಲಿ ಫ್ರಾನ್ಸಿನ ತತ್ವಜ್ಞ ಡೆಕಾರ್ಟ್ ಮೇಲು. ವೃತ್ತದ ತ್ರಿಜ್ಯಗಳೆಲ್ಲ ಸಮ ಅಲ್ವಾ? ಸಮವಾಗದ ಹಾಗೆ ಮಾಡಲೂ ದೇವರಿಗೆ ಸ್ವಾತಂತ್ರ್ಯವಿತ್ತು ಎಂದು 1630ರಲ್ಲಿ ಪತ್ರ ಬರೆದ. ಗಣಿತದ ಸತ್ಯಗಳೂ ದೇವರದೇ ಸೃಷ್ಟಿ ಎಂದ. ಸರ್ವಶಕ್ತ ಅಂದರೆ ಹೀಗಿರಬೇಕು! ಆದರೆ ಅಲ್ಲಿಗೆ ತರ್ಕ ಸತ್ತಿತು. 1964ರಲ್ಲಿ ತತ್ವಜ್ಞ ಹ್ಯಾರಿ ಫ್ರಾಂಕ್‌ಫರ್ಟ್ ತೋರಿಸಿದಂತೆ, ಅಂಥ ದೇವರು ಎತ್ತಲಾಗದ ಕಲ್ಲನ್ನು ಸೃಷ್ಟಿಸಿ ಅದನ್ನು ಎತ್ತಿಯೂ ಬಿಡಬಹುದು. ಅವನ ಜೊತೆ ವಾದ ಹೂಡುವವರು ಯಾರು?

ಕಲ್ಲು ಬಿಡಿ. ನನ್ನ ಪ್ರಶ್ನೆ ಬೇರೆ. ದೇವರು ತನ್ನ ಶಕ್ತಿಯನ್ನು ತಾನೇ ಕಟ್ಟಿಹಾಕಿಕೊಳ್ಳಬಲ್ಲನೇ? ಇದರಲ್ಲಿ ಬಂಜೆಯ ಮಗನ ತರಲೆಯಿಲ್ಲ. ಅಧಿಕಾರ ಬಿಟ್ಟುಕೊಡುವುದು ಮಾಮೂಲಿ ಕೆಲಸ.

ನಾನು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದವನು. ಅಲ್ಲಿ ಅಡ್ಮಿನ್ ಖಾತೆ ಎಂದರೆ ದೇವರೇ. ಯಾವ ಫೈಲ್ ಬೇಕಾದರೂ ತೆರೆಯಬಹುದು, ಅಳಿಸಬಹುದು, ಯಾರನ್ನು ಬೇಕಾದರೂ ಹೊರಗೆ ಹಾಕಬಹುದು. ಒಮ್ಮೆ ಒಬ್ಬ ಸಹೋದ್ಯೋಗಿಗೆ ಭದ್ರತೆಯ ಹುಚ್ಚು ಹಿಡಿಯಿತು. ನಿಯಮಗಳನ್ನು ಬಿಗಿ ಮಾಡುತ್ತಾ ಹೋದ. ಕೊನೆಗೆ, ಈ ನಿಯಮಗಳನ್ನು ಯಾರೂ ಬದಲಿಸುವಂತಿಲ್ಲ ಎಂಬ ಇನ್ನೊಂದು ನಿಯಮ ಸೇರಿಸಿದ. ಯಾರೂ ಅಂದರೆ ಅಡ್ಮಿನ್ ಕೂಡ. ಸಂಜೆಯಾಗುವಷ್ಟರಲ್ಲಿ ಅರ್ಧ ಕಚೇರಿಯ ಕೆಲಸ ನಿಂತಿತು. ಇವನು ಆಜ್ಞೆ ಕೊಟ್ಟರೆ ಪರದೆಯ ಮೇಲೆ 'ಅನುಮತಿ ಇಲ್ಲ'. ಮತ್ತೆ ಕೊಟ್ಟ, ಮತ್ತೆ ಅದೇ. ನಾನೇ ಅಡ್ಮಿನ್ ಕಣೋ ಎಂದು ಪರದೆಗೇ ಬೈದ. ನಾವು ನಗು ತಡೆದುಕೊಂಡು ಹಿಂದೆ ನಿಂತಿದ್ದೆವು. ಕೊನೆಗೆ ಸರ್ವರ್ ಕೋಣೆಗೆ ಹೋಗಿ, ಯಂತ್ರವನ್ನು ಬೇರೊಂದು ಡಿಸ್ಕ್‌ನಿಂದ ಶುರು ಮಾಡಿ, ಆ ಸಾಲನ್ನು ಅಳಿಸಿದೆವು.

ಅವತ್ತು ಟೀ ಕುಡಿಯುತ್ತಾ ಒಬ್ಬ ಹೇಳಿದ, ಒಳ್ಳೆಯ ವ್ಯವಸ್ಥೆಯಾಗಿದ್ದರೆ ಅಡ್ಮಿನ್‌ಗೆ ಇಂಥ ನಿಯಮ ಬರೆಯಲು ಬಿಡಲೇಬಾರದಿತ್ತು. ನಾನು ಹೇಳಿದೆ, ಬಿಡದಿದ್ದರೆ ಅವನು ಎಂಥ ಅಡ್ಮಿನ್? ಬಿಟ್ಟರೆ ಮುಂದೆ ಅಡ್ಮಿನ್ ಅಲ್ಲ, ಬಿಡದಿದ್ದರೆ ಈಗಲೇ ಅಲ್ಲ. ನಮಗೇನೋ ಹೊರಗಿನ ಡಿಸ್ಕ್ ಇತ್ತು. ದೇವರಿಗೆ ಹೊರಗು ಎಂಬುದೇ ಇಲ್ಲವಲ್ಲ!

ಇದನ್ನು 1955ರಲ್ಲೇ ಜೆ. ಎಲ್. ಮ್ಯಾಕಿ ಎಂಬ ತತ್ವಜ್ಞ ಕೇಳಿದ್ದರು. ಸರ್ವಶಕ್ತನು ಮುಂದೆ ತನ್ನ ಹಿಡಿತಕ್ಕೆ ಸಿಗದ ಜೀವಿಗಳನ್ನು ಸೃಷ್ಟಿಸಬಲ್ಲನೇ? ಸಂಸತ್ತು ತನ್ನ ಮುಂದಿನ ಅಧಿಕಾರವನ್ನೇ ಕತ್ತರಿಸುವ ಕಾನೂನು ಮಾಡಬಹುದೇ ಎಂಬುದರ ಜೊತೆ ಅದನ್ನು ಹೋಲಿಸಿದ್ದರು. ಭಸ್ಮಾಸುರನ ಕಥೆಯೂ ಇದೇ. ಶಿವ ವರ ಕೊಟ್ಟ, ಆಮೇಲೆ ಓಡಿದ. ಬಿಡಿಸಲು ಮೋಹಿನಿ ಬರಬೇಕಾಯಿತು. ಹಿರಣ್ಯಕಶಿಪುವಿನ ಕಥೆ ಹೇಳುವವರು ಈ ಕಥೆಯನ್ನು ಮರೆಯುತ್ತಾರೆ.

ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲೂ ಈ ಇಕ್ಕಟ್ಟು ಇಣುಕುತ್ತದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಟ್ಟ ದೇವರು ಪಕ್ಷಪಾತಿಯಲ್ಲವೇ ಎಂಬ ಆಕ್ಷೇಪಕ್ಕೆ, ಇಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ ಎಂಬ ಉತ್ತರವಿದೆ. ಶಂಕರರು ಇಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲಕ್ಕೂ ಒಂದೇ, ಬೀಜದಂತೆ ಬೆಳೆ. ಸರಿ, ಪಕ್ಷಪಾತದ ಆರೋಪ ಹೋಯಿತು. ಆದರೆ ಬೀಜವನ್ನು ಬದಲಿಸಲು ಮಳೆಗೆ ಆಗುತ್ತದೆಯೇ? ಆ ಕರ್ಮಕ್ಕೆ ಮೊದಲೇ ಇಲ್ಲ, ಅದು ಅನಾದಿ ಎನ್ನುತ್ತದೆ ಮುಂದಿನ ಸೂತ್ರ. ಅಂದರೆ ದೇವರು ಶುರು ಮಾಡದ ಒಂದು ಲೆಕ್ಕ ದೇವರ ಕೈ ಹಿಡಿದಿದೆ ಎಂದಾಯಿತು.

ಎಲ್ಲದರ ಮೇಲೂ ಅಧಿಕಾರ ಉಳ್ಳ ದೇವರು ಸಾಕು, ಎಲ್ಲವನ್ನೂ ಮಾಡಬಲ್ಲ ದೇವರು ಬೇಡ ಎಂದು 1973ರಲ್ಲಿ ವಾದಿಸಿದ ತತ್ವಜ್ಞ ಪೀಟರ್ ಗೀಚ್ ಕಟ್ಟಾ ಕ್ಯಾಥೊಲಿಕ್. ಆ ಮತವನ್ನು ನಾನು ನನ್ನ ಬದಿಗೇ ಎಣಿಸಿಕೊಳ್ಳುತ್ತೇನೆ.